ಅಪ್ಪನಿಗೆ ಶುಗರ್, ದೊಡ್ಡಪ್ಪನಿಗೂ ಶುಗರ್. ನನಗೂ ಬರಲೇಬೇಕಾ?

ಪ್ರಶ್ನೆ: ಅಪ್ಪ, ದೊಡ್ಡಪ್ಪ ಇಬ್ಬರಿಗೂ ನಲವತ್ತು ದಾಟುವಷ್ಟರಲ್ಲಿ ಶುಗರ್ ಬಂತು. ಈಗ ಅಕ್ಕನಿಗೂ ಬಾರ್ಡರ್‌ನಲ್ಲಿದೆ ಅಂದಿದ್ದಾರೆ. ನನಗೆ 34. "ವಂಶದಲ್ಲೇ ಇದ್ದ ಮೇಲೆ ಏನು ಮಾಡಿದ್ರೂ ಅಷ್ಟೇ" ಅಂತಾರೆ ಮನೆಯಲ್ಲಿ. ಜೀನ್ ಟೆಸ್ಟ್ ಮಾಡಿಸಲಾ? ಅನುಭವ ಇದ್ದವರು ಹೇಳಿ.

ಉತ್ತರ 1: ನಮ್ಮ ಮನೆಯಲ್ಲೂ ಇದೇ ಕಥೆ. ಜೀನ್ ಟೆಸ್ಟಿನ ಗೋಜಿಗೆ ನಾನು ಹೋಗಲಿಲ್ಲ. ದೊಡ್ಡವರಿಗೆ ಸಾಮಾನ್ಯವಾಗಿ ಬರುವ ಟೈಪ್ 2 ಶುಗರ್ ಯಾವುದೋ ಒಂದು ಜೀನ್‌ನಿಂದ ಬರುವುದಲ್ಲ. ನೂರಾರು ಕಡೆಯ ಸಣ್ಣಪುಟ್ಟ ವ್ಯತ್ಯಾಸ ಸೇರಿ ಅಪಾಯ ಜಾಸ್ತಿಯಾಗುತ್ತದೆ. ಟೆಸ್ಟ್ ಮಾಡಿಸಿದರೆ "ನಿಮಗೆ ಸಾಧ್ಯತೆ ಹೆಚ್ಚು" ಅಂತ ಬರಬಹುದು. ಅದು ಅಪ್ಪನನ್ನು ನೋಡಿದರೇ ಗೊತ್ತಾಗುತ್ತಲ್ವಾ! ಅದರ ಬದಲು ವರ್ಷಕ್ಕೊಮ್ಮೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ನೋಡಿಸಿ. 5.7ರಿಂದ 6.4ರವರೆಗೆ ಬಾರ್ಡರ್, 6.5 ಮುಟ್ಟಿದರೆ ಶುಗರ್.

"ಏನು ಮಾಡಿದ್ರೂ ಅಷ್ಟೇ" ಅನ್ನೋದಂತೂ ಸುಳ್ಳು. ಬಾರ್ಡರ್‌ನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಬಂತು. ಒಂದು ಗುಂಪಿಗೆ ತೂಕ ಶೇ 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಅಂದಿದ್ದರು. ಅವರಲ್ಲಿ ಶುಗರ್ ಬರುವುದು ಶೇ 58ರಷ್ಟು ತಗ್ಗಿತು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲಿ ತಗ್ಗಿದ್ದು ಶೇ 31 ಮಾತ್ರ. ಆಮೇಲೆ ಅದೇ ಜನರ ಜೀನ್ ನೋಡಿದರು. ಟಿಸಿಎಫ್7ಎಲ್2 ಅನ್ನುವ ಜೀನ್‌ನ ಅಪಾಯದ ರೂಪ ಇದ್ದವರಿಗೂ ಈ ನಡಿಗೆ, ತೂಕ ಇಳಿಕೆ ಫಲ ಕೊಟ್ಟಿತ್ತು.

ಉತ್ತರ 2: ನಡಿಗೆ, ತೂಕ ಇಳಿಕೆ ಫಲ ಕೊಡುತ್ತದೆ ಅನ್ನುವ ಮಾತು ಶುಗರ್‌ಗೆ ಸರಿ. ಎಲ್ಲಾ ಕಾಯಿಲೆಗೂ ಹೀಗೇ ಅಂದುಕೊಳ್ಳಬೇಡಿ. ನಾನು ಸಣಕಲು, ದಿನಾ ಓಡುತ್ತೇನೆ. ಆದರೂ ನನ್ನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 230 ಇತ್ತು. ಕೊಬ್ಬಿನ ಪದಾರ್ಥ ಪೂರ್ತಿ ಬಿಟ್ಟು ನೋಡಿದೆ, ಚೂರೇ ಚೂರು ಇಳಿಯಿತು. ವಂಶದಿಂದ ಬರುವ ಕೊಲೆಸ್ಟ್ರಾಲ್ ತೊಂದರೆ ಇದು. ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಒಳಗೆ ಎಳೆದುಕೊಳ್ಳುವ ಬಾಗಿಲುಗಳೇ ನಮ್ಮ ಲಿವರ್‌ನಲ್ಲಿ ಕಮ್ಮಿ. ಇದಕ್ಕೆ ಒಂದೇ ಜೀನ್ ಕೆಟ್ಟರೂ ಸಾಕು, ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಸ್ಟ್ಯಾಟಿನ್ ಮಾತ್ರೆ ಶುರು ಮಾಡಿದ ಮೇಲೆಯೇ ಸರಿಯಾಗಿ ಇಳಿದದ್ದು. ಇಂಥ ಕಡೆ ಜೀನ್ ಟೆಸ್ಟ್ ಉಪಯೋಗಕ್ಕೆ ಬರುತ್ತದೆ. ನನ್ನ ವರದಿ ನೋಡಿ ತಮ್ಮನಿಗೂ ಮಾಡಿಸಿದೆವು. ಅವನಲ್ಲೂ ಸಿಕ್ಕಿತು, ಹೃದಯಕ್ಕೆ ಪೆಟ್ಟು ಬೀಳುವ ಮೊದಲೇ ಮಾತ್ರೆ ಶುರುವಾಯಿತು.

ಉತ್ತರ 3: ನನ್ನ ಮಗಳಿಗೆ ಪಿಕೆಯು ಅನ್ನುವ, ಹುಟ್ಟಿನಿಂದಲೇ ಬರುವ ಅಪರೂಪದ ಕಾಯಿಲೆ ಇದೆ. ಅದೂ ಒಂದೇ ಜೀನ್‌ನದ್ದು, ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು. ಫಿನೈಲಲನೀನ್ ಅನ್ನುವ ಪ್ರೋಟೀನಿನ ಅಂಶ ಮೈಯಲ್ಲಿ ಕರಗದೆ ಸೇರುತ್ತಾ ಹೋಗಿ ಮೆದುಳನ್ನು ಕೆಡಿಸುತ್ತದೆ. ಹುಟ್ಟಿದಾಗ ಹಿಮ್ಮಡಿಯಿಂದ ತೆಗೆದ ನಾಲ್ಕು ಹನಿ ರಕ್ತದಲ್ಲಿ ಗೊತ್ತಾಯಿತು. ಅವತ್ತಿನಿಂದ ಪ್ರತಿ ತುತ್ತೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಫಿನೈಲಲನೀನ್ ಎಷ್ಟು ಮಿಲಿಗ್ರಾಂ ಅಂತ ಬರೆದಿಟ್ಟು ಕೊಡುತ್ತೇವೆ. ಬೇಜಾರಿನ ಕೆಲಸ ಹೌದು. ಆದರೆ ಅವಳು ಕ್ಲಾಸಿನಲ್ಲಿ ಎಲ್ಲರ ಹಾಗೆ ಓದುತ್ತಿದ್ದಾಳೆ, ನನ್ನ ಜೊತೆ ಚೆನ್ನಾಗಿ ಜಗಳವಾಡುತ್ತಾಳೆ. ಹಾಗಾಗಿ "ವಂಶದಲ್ಲೇ ಇದೆ" ಅಂತ ಯಾರಾದರೂ ಕೈಚೆಲ್ಲಿದರೆ ನನಗೆ ಸಿಟ್ಟು ಬರುತ್ತದೆ.

ಉತ್ತರ 4: ಅಕ್ಕನಿಗೆ ವಯಸ್ಸೆಷ್ಟು? ತೆಳ್ಳಗಿದ್ದಾರಾ? ತಲೆಮಾರಿನಿಂದ ತಲೆಮಾರಿಗೆ, ಚಿಕ್ಕ ವಯಸ್ಸಿಗೇ, ತೂಕ ಜಾಸ್ತಿ ಇಲ್ಲದೆಯೂ ಶುಗರ್ ಬರುತ್ತಿದ್ದರೆ ಅದು ಮೋಡಿ (MODY) ಅನ್ನುವ ಬೇರೆ ಬಗೆಯ ಶುಗರ್ ಇರಬಹುದು. ಅದು ಟೈಪ್ 2ರ ಹಾಗಲ್ಲ, ಒಂದೇ ಜೀನ್‌ನಿಂದ ಬರುವಂಥದ್ದು, ಅಲ್ಲಿ ಟೆಸ್ಟ್ ಮಾಡಿಸಿದರೆ ಔಷಧಿಯೇ ಬದಲಾಗಬಹುದು. ಮನೆಯಲ್ಲಿ ಯಾರ್ಯಾರಿಗೆ ಎಷ್ಟನೇ ವಯಸ್ಸಿಗೆ ಬಂತು, ಆಗ ತೂಕ ಎಷ್ಟಿತ್ತು ಅಂತ ಬರೆದುಕೊಂಡು ಡಾಕ್ಟರ್ ಹತ್ತಿರ ಹೋಗಿ.