ಪದಚರ್ಚೆ: ‘ಪೆಗ್ಗಿಂಗ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ (ಕಾರವಾರ): ಬಲ್ಲವರಿಗೆ ನಮಸ್ಕಾರ. ದಂಪತಿಗಳಿಗಾಗಿ ಲೈಂಗಿಕ ಆರೋಗ್ಯದ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಹೆಂಗಸು ಸೊಂಟಕ್ಕೆ ಪಟ್ಟಿ ಕಟ್ಟಿ, ಅದಕ್ಕೆ ಕೃತಕ ಶಿಶ್ನ ಸಿಕ್ಕಿಸಿಕೊಂಡು ಗಂಡಸನ್ನು ಗುದದ ಮೂಲಕ ಕೂಡುವುದಕ್ಕೆ ‘ವಿಪರೀತ ರತಿ’ ಎನ್ನಬಹುದೇ? ‘ಪುರುಷಾಯಿತ’ ಹೆಚ್ಚು ಒಪ್ಪುತ್ತದೆಯೇ?

ಉತ್ತರ (ಶಿರಸಿ): ಎರಡೂ ಬೇಡ ಮಾರಾಯ್ರೆ.

‘ವಿಪರೀತ’ಕ್ಕೆ ಸಂಸ್ಕೃತದಲ್ಲಿ ತಿರುವುಮುರುವು ಎಂಬ ಅರ್ಥವಿದೆ, ನಿಜ. ನಮ್ಮ ಬಾಯಲ್ಲಿ ಅದು ‘ಅತಿ’ ಆಗಿಬಿಟ್ಟಿದೆ. ಆಷಾಢ ಬಂತೆಂದರೆ ‘ವಿಪರೀತ ಮಳೆ’ ಎನ್ನುವ ಜನ ‘ವಿಪರೀತ ರತಿ’ಯನ್ನು ಮಿತಿಮೀರಿದ ಕಾಮ ಎಂದೇ ಓದಿಕೊಳ್ಳುತ್ತಾರೆ.

‘ಪುರುಷಾಯಿತ’ ಬಂದದ್ದು ‘ಪುರುಷಾಯತೇ’, ಅಂದರೆ ಗಂಡಿನಂತೆ ನಡೆದುಕೊಳ್ಳುತ್ತಾಳೆ ಎಂಬ ನಾಮಧಾತುವಿನಿಂದ. ಸೊಗಸಾದ ಪದ. ಆದರೆ ಕಾಮಸೂತ್ರದ ಎರಡನೆಯ ಅಧಿಕರಣದ 8ನೆಯ ಅಧ್ಯಾಯದಲ್ಲಿ ಅದು ಹೇಳುವುದೇ ಬೇರೆ: ನಾಯಕ ದಣಿದಾಗ ಅವನ ಒಪ್ಪಿಗೆ ಪಡೆದು, ಅವನನ್ನು ಕೆಳಗೆ ಮಲಗಿಸಿ ನಾಯಿಕೆ ಮೇಲಿನಿಂದ ಕೂಡುವುದು. ಅಲ್ಲಿ ಬದಲಾಗುವುದು ಭಂಗಿ ಮಾತ್ರ. ಯಾರೊಳಗೆ ಯಾರು ಎಂಬುದು ಬದಲಾಗುವುದಿಲ್ಲ. ಉಪಕರಣಕ್ಕೆ ಅದೇ ಗ್ರಂಥದ ಕೊನೆಯ ಅಧಿಕರಣದಲ್ಲಿ ‘ಅಪದ್ರವ್ಯ’ ಎಂಬ ಮಾತಿದೆ. ಇಂದಿನ ಓದುಗರು ಅದನ್ನು ಕೆಟ್ಟ ವಸ್ತು ಎಂದು ತಿಳಿದಾರು.

ಇಂಗ್ಲಿಷ್ ಪದವೂ ಹಳೆಯದೇನಲ್ಲ. 2001ರಲ್ಲಿ ಅಮೆರಿಕದ ಅಂಕಣಕಾರ ಡ್ಯಾನ್ ಸ್ಯಾವೇಜ್ ತಮ್ಮ ಓದುಗರ ಮತ ಕೇಳಿ ಆರಿಸಿದ್ದು. ಅದರೊಳಗಿನ ‘ಪೆಗ್’ ನಮ್ಮ ಗೂಟವೇ. ಹಾಗೆಂದು ‘ಗೂಟ’ ಬಳಸಿದರೆ ಕೆಟ್ಟಿತು. ‘ಅವನಿಗೆ ಗೂಟ ಇಟ್ಟರು’ ಎಂದರೆ ಹಾಳು ಮಾಡಿದರು ಎಂದರ್ಥ. ‘ಅದಲು’, ‘ಕೂಟ’ ಸೇರಿಸಿ ಪದ ಕಟ್ಟಹೊರಟರೂ ಆದೇಶ ಸಂಧಿಯಾಗಿ ‘ಅದಲುಗೂಟ’ ಆಗುತ್ತದೆ, ಬೇಡವೆಂದ ಗೂಟ ಮತ್ತೆ ಬಂದು ಕೂರುತ್ತದೆ. ‘ಪಟ್ಟಿಕೂಟ’ ಎಂದು ಸಂಧಿ ಮಾಡದೆ ಬರೆಯಿರಿ. ಮೊದಲ ಸಲ ಬಂದಾಗ ‘ಸೊಂಟಪಟ್ಟಿ ಕಟ್ಟಿ ಕೂಡುವುದು’ ಎಂದು ಬಿಡಿಸಿ ಹೇಳಿ. ‘ವಿಕೃತ’, ‘ಅಸಹಜ’ ಎಂಬ ಮಾತುಗಳು ಎಲ್ಲಿಯೂ ಸುಳಿಯಬಾರದು. ಗಂಡಸು ಒಳಗೊಂಡ ಮಾತ್ರಕ್ಕೆ ಅವನ ಗಂಡಸ್ತನ ಕಡಿಮೆಯಾಗುವುದಿಲ್ಲ, ಸಲಿಂಗಿಯೂ ಆಗುವುದಿಲ್ಲ.

ಹೆಸರಿಗಿಂತ ಮುಖ್ಯವಾದ ಪದ ಇನ್ನೊಂದಿದೆ. ಲೂಬ್ರಿಕೆಂಟ್‌ಗೆ, ಅಂದರೆ ಜಾರಲೆಂದು ಹಚ್ಚುವ ವಸ್ತುವಿಗೆ, ‘ಎಣ್ಣೆ’, ‘ತೈಲ’ ಎಂದು ದಯವಿಟ್ಟು ಬರೆಯಬೇಡಿ. ಕರಾವಳಿಯಲ್ಲಿ ಕೈಗೆ ಮೊದಲು ಸಿಗುವುದೇ ತೆಂಗಿನೆಣ್ಣೆ. ಎಣ್ಣೆ ತಾಗಿದ ಲೇಟೆಕ್ಸ್ ಕಾಂಡೋಮ್ ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಂಡು ಹರಿಯಬಹುದು. ಮೆಡಿಕಲ್ ಅಂಗಡಿಯಲ್ಲಿ ಕೇಳುವಂತೆ ‘ನೀರಿನಂಶದ ಜೆಲ್ಲಿ’ ಎನ್ನಿ. ಸಿಲಿಕೋನ್ ಜೆಲ್ಲಿ ಸಿಲಿಕೋನ್ ಉಪಕರಣದ ಮೈಯನ್ನೇ ಅಂಟಂಟು ಮಾಡಬಹುದು. ಯೋನಿಯಂತೆ ಗುದ ತಾನಾಗಿ ಒದ್ದೆಯಾಗುವುದಿಲ್ಲ, ಎಂಜಲು ಬೇಗ ಒಣಗುತ್ತದೆ. ಆದ್ದರಿಂದ ಜೆಲ್ಲಿಯನ್ನು ಧಾರಾಳವಾಗಿ, ನಡುನಡುವೆ ಮತ್ತೆ ಮತ್ತೆ ಹಚ್ಚಬೇಕು. ಮರಗಟ್ಟಿಸುವ ಮುಲಾಮು ಖಂಡಿತ ಬೇಡ: ನೋವು ತಿಳಿಯದಿದ್ದರೆ ಒಳಪೊರೆ ಹರಿದದ್ದೂ ತಿಳಿಯುವುದಿಲ್ಲ.

‘ಬಿಗಿ’ ಎಂಬುದನ್ನೂ ಬಿಡಿಸಿ ಬರೆಯಿರಿ. ಗುದದಲ್ಲಿ ಎರಡು ಬಿಗಿಸ್ನಾಯುಗಳಿವೆ. ಹೊರಗಿನದು ನಮ್ಮ ಮಾತು ಕೇಳುತ್ತದೆ, ಒಳಗಿನದು ಕೇಳುವುದಿಲ್ಲ; ಅದು ಸಡಿಲವಾಗುವವರೆಗೆ ಕಾಯಬೇಕು. ಉಗುರು ಕತ್ತರಿಸಿ ಮೊದಲು ಒಂದು ಬೆರಳು, ಆಮೇಲೆ ಎರಡು, ನಂತರ ಉಪಕರಣ. ಮೊದಲ ಸಲಕ್ಕೆ ಅದರ ಅಡ್ಡಳತೆ 2.5ರಿಂದ 3 ಸೆಂ.ಮೀ. ಸಾಕು. ಒಳಗೊಳ್ಳುವವನು ತಾನೇ ಮೇಲೆ ಕುಳಿತು ಇಳಿದರೆ ವೇಗ, ಆಳ ಎರಡೂ ಅವನ ಹತೋಟಿಯಲ್ಲಿರುತ್ತವೆ. ಸುಮಾರು 5–7 ಸೆಂ.ಮೀ. ಒಳಗೆ, ಹೊಟ್ಟೆಯ ಬದಿಗೆ ಪ್ರಾಸ್ಟೇಟ್ ಗ್ರಂಥಿ, ಸಣ್ಣ ಹಣ್ಣಡಿಕೆಯಷ್ಟು ಗಾತ್ರದ್ದು. ಹಿತ ಬರುವುದು ಮುಖ್ಯವಾಗಿ ಅಲ್ಲಿಂದ. ಹಾಗಾಗಿ ಆಳಕ್ಕೆ ನುಗ್ಗಿಸುವುದರಲ್ಲಿ ಲಾಭವಿಲ್ಲ.

ಉಪಕರಣದ ಬುಡಕ್ಕೆ ‘ಅಗಲ ಬುಡ’ ಎಂದೇ ಬರೆಯಿರಿ. ಬುಡ ಅಗಲವಿಲ್ಲದ ವಸ್ತುವನ್ನು ಗುದ ಒಳಕ್ಕೆಳೆದುಕೊಳ್ಳುತ್ತದೆ, ಆಮೇಲೆ ಆಸ್ಪತ್ರೆಯಲ್ಲಿ ತೆಗೆಸಬೇಕಾದೀತು. ಗುದದಿಂದ ತೆಗೆದದ್ದನ್ನು ಕಾಂಡೋಮ್ ಬದಲಿಸದೆ ಯೋನಿಗೆ ತಾಗಿಸಿದರೆ ಸೋಂಕು ತಗಲುವ ಅಪಾಯವಿದೆ ಎಂದು ಎಚ್ಚರಿಸಿ. ಮೂಲವ್ಯಾಧಿ ಕೆರಳಿದ್ದರೆ, ಗುದದಲ್ಲಿ ಬಿರುಕಿದ್ದರೆ ಗುಣವಾಗುವವರೆಗೆ ಬೇಡ.

ಕೊನೆಯದಾಗಿ, ನಿಲ್ಲಿಸುವ ಮಾತು. ‘ಬೇಡ’ವನ್ನು ನಮ್ಮಲ್ಲಿ ಸಂಕೋಚಕ್ಕೂ, ಮುದ್ದಿಗೂ ಅಂದುಬಿಡುತ್ತಾರೆ. ಕೈಪಿಡಿಯಲ್ಲಿ ‘ನಿಲ್ಲಿಸು’ ಎಂದೇ ಇರಲಿ. ಹಾಗೆಂದ ಕೂಡಲೇ ಚಲನೆ ನಿಲ್ಲಿಸಿ, ಮೆಲ್ಲಗೆ ಹೊರತೆಗೆಯಬೇಕು ಎಂದೂ ಸೇರಿಸಿ. ಗಾಬರಿಯಾಗಿ ಒಮ್ಮೆಲೇ ಎಳೆದಾಗಲೇ ಪೊರೆ ಹರಿಯುವ ಅಪಾಯ ಹೆಚ್ಚು.