ಜಗಳವಾದಾಗಲೆಲ್ಲ ಗುಡುಗಲೇಬೇಕೇ? ಪ್ರೇಮಕಥೆಯ ಮಳೆ ಬಗ್ಗೆ ಒಂದು ಚರ್ಚೆ

ಇಬ್ಬನಿ: ನಾನು ಬರೆಯುತ್ತಿರುವ ಪ್ರೇಮ ಕಾದಂಬರಿಯಲ್ಲಿ ಇಬ್ಬರೂ ಜಗಳವಾಡಿ ದೂರವಾಗುವ ಅಧ್ಯಾಯವೊಂದಿದೆ. ಅಲ್ಲಿ ಗುಡುಗು, ಬಿರುಮಳೆ ಇಟ್ಟಿದ್ದೇನೆ. ಕರಡು ಓದಿದ ಗೆಳತಿ, "ಮಳೆ ತೆಗೆದುಬಿಡು, ಎಲ್ಲರೂ ಮಾಡೋದು ಇದನ್ನೇ" ಅಂದಳು. ತೆಗೆದು ನೋಡಿದರೆ ದೃಶ್ಯ ಸಪ್ಪೆಯಾಗಿದೆ. ನಿಮಗೆಲ್ಲ ಏನನ್ನಿಸುತ್ತದೆ?

ಮೂರನೇ ಪುಟ: ಗೆಳತಿ ಹೇಳಿದ್ದೇ ಸರಿ. ನಾಯಕಿ ಅತ್ತರೆ ಆಕಾಶವೂ ಅಳಬೇಕು, ರಾಜಿಯಾದರೆ ಬೆಳದಿಂಗಳು ಬೀಳಬೇಕು. ಪ್ರಕೃತಿಗೆ ಹೀಗೆ ಮನುಷ್ಯರ ಭಾವ ಹಚ್ಚುವುದಕ್ಕೆ ಇಂಗ್ಲಿಷ್ ವಿಮರ್ಶಕ ಜಾನ್ ರಸ್ಕಿನ್ 1856ರಲ್ಲೇ 'ಪೆಥೆಟಿಕ್ ಫ್ಯಾಲಸಿ' ಅಂತ ಹೆಸರಿಟ್ಟು ಆಕ್ಷೇಪ ಎತ್ತಿದ್ದರು. ಪಾತ್ರಗಳ ಮಾತಿನಲ್ಲಿ ಕಾವಿಲ್ಲದಿದ್ದಾಗಲೇ ಲೇಖಕರು ಮೋಡ ಕರೆಸುವುದು.

ಹಳೆಯ ಓದುಗ: ಮೂರನೇ ಪುಟ ಅವರೇ, ನಮ್ಮ ಕಾವ್ಯಮೀಮಾಂಸೆ ಇದನ್ನು ಬೇರೆ ಕಡೆಯಿಂದ ನೋಡಿದೆ. ಶೃಂಗಾರಕ್ಕೆ, ಅಂದರೆ ಪ್ರೇಮದ ರಸಕ್ಕೆ, ನಾಯಕ ನಾಯಕಿಯರು ಆಲಂಬನ ವಿಭಾವ, ಭಾವಕ್ಕೆ ಆಧಾರವಾದವರು. ಮೋಡ, ವಸಂತ, ಬೆಳದಿಂಗಳು ಉದ್ದೀಪನ ವಿಭಾವ, ಆ ಭಾವವನ್ನು ಕೆರಳಿಸುವಂಥವು. ಒಳಗೆ ಇರುವ ಭಾವವನ್ನು ಋತು ಕೆರಳಿಸುತ್ತದೆ ಅಷ್ಟೆ, ಇಲ್ಲದ ಪ್ರೀತಿಯನ್ನು ಮಳೆ ಹುಟ್ಟಿಸಲಾರದು. ಕಾಳಿದಾಸನ 'ಮೇಘದೂತ' ನೋಡಿ. ಯಕ್ಷನಿಗೆ ಹೆಂಡತಿಯಿಂದ ದೂರವಿರಬೇಕಾದ ಒಂದು ವರ್ಷದ ಶಾಪ, ಇನ್ನೂ ನಾಲ್ಕು ತಿಂಗಳು ಬಾಕಿ. ದೂರ ಹೋದವರೆಲ್ಲ ಮಳೆಗಾಲಕ್ಕೆ ಮನೆ ಸೇರುವ ಹೊತ್ತಿಗೆ ಆಷಾಢದ ಮೋಡ ಕಾಣಿಸುತ್ತದೆ, ಇವನಿಗೆ ಮಾತ್ರ ಹೋಗುವಂತಿಲ್ಲ. ಆ ಮೋಡ ಬಾರದಿದ್ದರೆ ಹೇಗೋ ದಿನ ದೂಡುತ್ತಿದ್ದ. ಬಂದದ್ದರಿಂದಲೇ ತಡೆಯಲಾಗಲಿಲ್ಲ.

ಮೂರನೇ ಪುಟ: ಅಲ್ಲಿಯವರೆಗೆ ಒಪ್ಪಿದೆ. ಆದರೆ ಅದೇ ಪರಂಪರೆಯಲ್ಲಿ ಅಷ್ಟಾದಶ ವರ್ಣನೆಗಳ, ಅಂದರೆ ಮಹಾಕಾವ್ಯದಲ್ಲಿರಬೇಕಾದ ಹದಿನೆಂಟು ವರ್ಣನೆಗಳ ಪಟ್ಟಿಯೂ ಬಂತಲ್ಲ? ಋತುವರ್ಣನೆ ಇರಲೇಬೇಕು, ಚಂದ್ರೋದಯ ಇರಲೇಬೇಕು. ಸಾಮಾನ್ಯ ಕವಿಗಳ ಕೈಯಲ್ಲಿ ಕಥೆ ನಿಂತುಬಿಡುತ್ತದೆ, ವರ್ಣನೆ ಮಾತ್ರ ಸಾಗುತ್ತದೆ. ಈಗಿನ ಪ್ರೇಮಕಥೆಯ ಮಳೆಗೂ ಅದೇ ಗತಿ.

ಕರಡುಪ್ರತಿ: ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ನನ್ನ ತಕರಾರು ಬೇರೆ: ಬಹಳಷ್ಟು ಕಥೆಗಳಲ್ಲಿ ಹವಾಮಾನವೇ ಸುಳ್ಳು. ವಾರವಿಡೀ ಸುರಿದ ಮೇಲೂ ಮಣ್ಣಿನ ಘಮ ಬರುತ್ತಿರುತ್ತದೆ. ಆ ಘಮ ಏಳುವುದು ಒಣಗಿದ ನೆಲಕ್ಕೆ ಮೊದಲ ಹನಿಗಳು ಬಿದ್ದಾಗ. ನಡುಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲಿರುವಾಗ ಕಾಮನಬಿಲ್ಲು! ಸೂರ್ಯ ದಿಗಂತದಿಂದ 42 ಡಿಗ್ರಿಗಿಂತ ಮೇಲೇರಿದರೆ ಬಯಲಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ. ದೂರದ ಮಿಂಚಿನ ಜೊತೆಗೇ ಗುಡುಗು ಕೇಳಿಸುತ್ತದೆ, ಆದರೆ ಶಬ್ದಕ್ಕೆ ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡ್ ಬೇಕು. ಆ 3 ಸೆಕೆಂಡ್ ಬರೆಯುವವರಿಗೆ ಎಂಥ ಆಸ್ತಿ! ಮಿಂಚಿನಲ್ಲಿ ಅವನ ಮುಖ ಕಂಡಿತು, ಸದ್ದು ಬರುವುದರೊಳಗೆ ಅವಳು ಒಂದೇ ಒಂದು ಮಾತು ಹೇಳಬೇಕು.

ಇನ್ನೊಂದು, ಪಿಸುಮಾತು. ತಗಡಿನ ಸೂರಿನ ಮೇಲೆ ಧೋ ಎಂದು ಮಳೆ ಸುರಿಯುವಾಗ ಪಿಸುಗುಟ್ಟಿದರೆ ಯಾರಿಗೂ ಕೇಳಿಸದು. ಒಂದೋ ಕೂಗಬೇಕು, ಇಲ್ಲವೇ ಹತ್ತಿರ ಬರಬೇಕು. ಮುನಿಸಿಕೊಂಡವರನ್ನು ಹತ್ತಿರ ತರಲು ಇದಕ್ಕಿಂತ ಸಹಜವಾದ ದಾರಿ ಯಾವುದಿದೆ?

ಶಾಯಿ: ಕರಡುಪ್ರತಿ ಮೇಡಂ, ನಿಮ್ಮ ಕೊನೆಯ ಮಾತು ತುಂಬಾ ಹಿಡಿಸಿತು. ಆದರೆ ಮಳೆಯೆಂದರೆ ನಾಚಿಕೆ ಯಾಕೆ? ಪ್ರೇಮಕಥೆ ಓದುವವರು ಆ ಮಳೆಗಾಗಿ ಕಾದಿರುತ್ತಾರೆ, ನಾನಂತೂ ಕಾಯುತ್ತೇನೆ. ಕಾಯಿಸುವುದು ಗೊತ್ತಿರಬೇಕು. ಮಳೆಗೆ ಮುಂಚಿನ ಸೆಕೆಯನ್ನು ಯಾರೂ ಬರೆಯುವುದೇ ಇಲ್ಲ ನೋಡಿ. ಗಾಳಿಯಲ್ಲಿ ತೇವ ತುಂಬಿದಾಗ ಬೆವರು ಆರುವುದಿಲ್ಲ, ಮೈಯೆಲ್ಲ ಅಂಟಂಟು, ಸಣ್ಣ ಮಾತಿಗೂ ರೇಗುತ್ತದೆ. ಜಗಳ ಅಲ್ಲೇ ಹೊತ್ತಿಕೊಳ್ಳಲಿ.

ಮೂರನೇ ಪುಟ: ಇದಕ್ಕೆ ನನ್ನ ತಕರಾರಿಲ್ಲ. ಸೆಕೆ ಅವರಿಂದ ಏನೋ ಮಾಡಿಸುತ್ತಿದೆ. ಇನ್ನು, ಫಳಫಳ ಬಿಸಿಲಿನಲ್ಲಿ ಬೇರೆಯಾದರೆ ಹೇಗೆ?

ಹಳೆಯ ಓದುಗ: ಲೋಕಕ್ಕೆಲ್ಲ ಹಬ್ಬ, ಇವರಿಗೆ ಮಾತ್ರ ದುಃಖ ಅನ್ನುವುದೂ ಈಗ ಸವಕಲು. ಬಿಸಿಲನ್ನು ಬರೀ ವೈದೃಶ್ಯಕ್ಕೆಂದು ತಂದರೆ ಅದೂ ಅಲಂಕಾರವೇ.

ಇಬ್ಬನಿ: ಎಲ್ಲರಿಗೂ ಧನ್ಯವಾದ. ಈಗ ಅಧ್ಯಾಯ ಹೀಗೆ ತಿರುಗುತ್ತಿದೆ: ಸೆಕೆಯಲ್ಲಿ ಜಗಳ ಶುರುವಾಗಿ, ಆಡಬಾರದ ಮಾತೆಲ್ಲ ಆಡಿ ಮುಗಿದು, ಅವನು ಹೊರಡಲು ಎದ್ದಾಗ ಮಳೆ ಸುರಿಯುತ್ತದೆ. ಇಬ್ಬರಲ್ಲೂ ಕೊಡೆ ಇಲ್ಲ. ಇನ್ನು ಮುಖ ನೋಡಲ್ಲ ಅಂದವರು ಅದು ನಿಲ್ಲುವವರೆಗೆ ಒಂದೇ ಜಗಲಿಯಲ್ಲಿ ನಿಲ್ಲಬೇಕು.

ಶಾಯಿ: ಅಯ್ಯೋ, ಇದನ್ನು ಈಗಲೇ ಓದಬೇಕು ನನಗೆ!

ಮೂರನೇ ಪುಟ: ಚೆನ್ನಾಗಿದೆ. ಗುಡುಗನ್ನು ಮಾತ್ರ ಕೈಬಿಡಿ. ಅಷ್ಟು ಹೊತ್ತು ಅವರ ಮೌನಕ್ಕೆ ಮಳೆಯ ಸದ್ದೇ ಸಾಕು.

ಕರಡುಪ್ರತಿ: ನಾನಾದರೆ ಒಂದು ಗುಡುಗು ಉಳಿಸಿಕೊಳ್ಳುತ್ತೇನೆ, ಬಹಳ ದೂರದಲ್ಲಿ, ಮಳೆ ತಗ್ಗುತ್ತಿದೆ ಎಂದು ಇಬ್ಬರಿಗೂ ತಿಳಿಯುವಷ್ಟು. ಆಮೇಲೆ ಮೊದಲು ಮೆಟ್ಟಿಲಿಳಿಯುವವರು ಯಾರು ಅನ್ನುವುದನ್ನು ಇಬ್ಬನಿಯವರೇ ತೀರ್ಮಾನಿಸಲಿ.