1968ರ ಫಿಯೆಟ್‌ಗೆ ಮೊದಲು ಇದ್ದ ಬಣ್ಣ ಪತ್ತೆ ಮಾಡೋದು ಹೇಗೆ?

ಬೆಟಗೇರಿ ಫಿಯೆಟ್:
ನಮಸ್ಕಾರ್ರಿ. ಅಜ್ಜ ತಗೊಂಡಿದ್ದ 1968ರ ಫಿಯೆಟ್ 1100 ಡಿಲೈಟ್ ನಮ್ಮ ಹಳೇ ಮಗ್ಗದ ಶೆಡ್ಡಿನಲ್ಲಿ ಹದಿನೈದು ವರ್ಷದಿಂದ ನಿಂತಿದೆ. ಈಗ ಮೇಲಿರೋದು ಮೆರೂನ್. ಮೊದಲು ಬಿಳಿ ಇತ್ತು ಅಂತ ಅಪ್ಪ ಹೇಳ್ತಾರೆ. ತಿಳಿ ನೀಲಿ ಅಂತ ಸೋದರತ್ತೆ ಜಗಳಕ್ಕೇ ಬರ್ತಾರೆ. ಇರೋ ಒಂದೇ ಫೋಟೋ ಕಪ್ಪು ಬಿಳುಪು. ಹಿಂದೆ 'ಪದ್ಮಿನಿ' ಅಂತ ಅಕ್ಷರ ಬೇರೆ ಇದೆ. ಗ್ಯಾರೇಜಿನವರು "ಯಾವ್ದಾದ್ರೂ ಹೊಡೀತೀವ್ರಿ, ಚೆಂದ ಕಾಣ್ತದ" ಅಂದರು. ಚೆಂದ ಆಮೇಲೆ, ನನಗೆ ಅಜ್ಜನ ಬಣ್ಣ ಬೇಕು.

ಗೋಕುಲ ರೋಡ್:
ಅಪ್ಪನನ್ನೂ ಬಿಡಿ, ಅತ್ತೆಯನ್ನೂ ಬಿಡಿ. ಹಿಂದಿನ ಪೇಂಟರ್ ಎಲ್ಲೆಲ್ಲಿ ಸೋಮಾರಿತನ ಮಾಡಿದ್ದಾನೋ ಅಲ್ಲಿ ಹುಡುಕಿ. ಬಾಗಿಲಿನ ರೆಕ್ಸಿನ್ ಬೋರ್ಡ್ ತೆಗೆದು ಒಳಗೆ ನೋಡಿ. ಹಿಂದಿನ ಲೈಟಿನ ರಬ್ಬರ್ ಕೆಳಗೆ, ಡ್ಯಾಶ್‌ಬೋರ್ಡ್ ಹಿಂದೆ, ಡಿಕ್ಕಿಯ ಮ್ಯಾಟ್ ಕೆಳಗೆ ನೋಡಿ. ನನ್ನ ಅಂಬಾಸಿಡರ್‌ನ ಬಣ್ಣ ಸಿಕ್ಕಿದ್ದು ಲೈಟಿನ ರಬ್ಬರ್ ಕೆಳಗೇ, ಬರೀ ಉಗುರಿನಷ್ಟು ಜಾಗದಲ್ಲಿ.

ಆಮೇಲೆ ಬಾಗಿಲ ಸಂದಿಯಲ್ಲಿ ಒಂದು ರೂಪಾಯಿಯಷ್ಟು ಜಾಗವನ್ನು 1000 ನಂಬರ್ ವಾಟರ್ ಪೇಪರ್‌ನಿಂದ ಸೋಪ್ ನೀರು ಹಾಕಿ ನಿಧಾನ ಉಜ್ಜಿ. ಬಣ್ಣಗಳು ಬಳೆ ಬಳೆಯಾಗಿ ಕಾಣುತ್ತವೆ. ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯೋ ತಳದ ಪದರ) ಬಂತು ಅಂತ ಅಲ್ಲೇ ನಿಲ್ಲಿಸಬೇಡಿ. ಎರಡನೇ ಸಲ ಪೇಂಟ್ ಮಾಡಿದವರೂ ಪ್ರೈಮರ್ ಹೊಡೆದಿರುತ್ತಾರೆ. ತಗಡು ಕಾಣೋವರೆಗೂ ಹೋಗಿ. ಹತ್ತಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಚ್ಚಿ ಒರೆಸಿದರೆ ಹಳೇ ಎನ್‌ಸಿ ಪೇಂಟ್ ಹತ್ತಿಗೆ ಇಳಿಯುತ್ತದೆ, ಈಗಿನ ಟೂಕೆ (ಹಾರ್ಡನರ್ ಬೆರೆಸಿ ಹೊಡೆಯೋ) ಪೇಂಟ್ ಜಗ್ಗೋದಿಲ್ಲ.

ಪದ್ಮಿನಿ ಅಕ್ಷರ ಇವತ್ತೇ ಕಿತ್ತು ಹಾಕಿ. ಈ ಫಿಯೆಟ್‌ಗೆ ಆ ಹೆಸರು ಬಂದಿದ್ದೇ 1974ರಲ್ಲಿ!

ಸಪ್ತಾಪುರ:
ಬಣ್ಣ ತಪ್ಪಿದರೆ ಇನ್ನೊಮ್ಮೆ ಹೊಡೆಸಬಹುದು. ಬಾಡಿ ಮೇಲಿನ ಹೊಳೆಯೋ ಪಟ್ಟಿ ಹಾಳಾದರೆ ಗುಜರಿ ಅಂಗಡಿ ಅಲೆಯೋದೇ ಕೆಲಸ. ನಾನು ಬಂಪರ್, ಸೈಡ್ ಪಟ್ಟಿ ಎಲ್ಲ ಒಂದೇ ಚೀಲಕ್ಕೆ ತುಂಬಿ ಕ್ರೋಮ್ ಮಾಡಿಸಲು ಕೊಟ್ಟೆ. ಅವರು ಎಲ್ಲವನ್ನೂ ಒಂದೇ ಕಾಸ್ಟಿಕ್ ಸೋಡಾ ತೊಟ್ಟಿಗೆ ಹಾಕಿದರು. ಅಲ್ಯೂಮಿನಿಯಂ ಪಟ್ಟಿಗಳನ್ನು ಕಾಸ್ಟಿಕ್ ತಿಂದುಬಿಟ್ಟಿತ್ತು. ವಾಪಸ್ ಬಂದಾಗ ಸುಟ್ಟ ಹಪ್ಪಳದ ಹಾಗೆ ತೂತು ತೂತು. ಬೈದರೆ ಏನು ಬಂತು, ವಿಂಗಡಿಸದೆ ಕೊಟ್ಟವನು ನಾನೇ ಅಲ್ವಾ.

ಮ್ಯಾಗ್ನೆಟ್ ಹಿಡಿಯದೆ, ಕೈಗೆ ಹಗುರ ಅನಿಸಿದರೆ ಅದು ಅಲ್ಯೂಮಿನಿಯಂ. ಅದಕ್ಕೆ ಬಫಿಂಗ್ (ಉಜ್ಜಿ ಹೊಳಪು ಕೊಡೋದು) ಸಾಕು. ಬಿಚ್ಚುವ ಮೊದಲು ಒಂದೊಂದು ಕ್ಲಿಪ್ಪಿನ ಫೋಟೋ ತೆಗೀರಿ.

ಬೆಟಗೇರಿ ಫಿಯೆಟ್:
ಭಾನುವಾರ ಉಜ್ಜಿದೆ. ಮೆರೂನ್ ಕೆಳಗೆ ಬಿಳಿ, ಬಿಳಿ ಕೆಳಗೆ ಪ್ರೈಮರ್. ನಿಮ್ಮ ಮಾತು ಓದಿರದಿದ್ದರೆ ಅಲ್ಲಿಗೇ ನಿಲ್ಲಿಸ್ತಿದ್ದೆ. ಅದರ ಕೆಳಗೆ ತಿಳಿ ನೀಲಿ! ಲೈಟಿನ ರಬ್ಬರ್ ಕೆಳಗೂ ಅದೇ. ಅತ್ತೆ ಅಪ್ಪನಿಗಿಂತ ಒಂಬತ್ತು ವರ್ಷ ದೊಡ್ಡವರು, ಅಪ್ಪನಿಗೆ ಬುದ್ಧಿ ಬರೋ ಹೊತ್ತಿಗೆ ಬಿಳಿ ಆಗಿತ್ತೇನೋ.

ಗೋಕುಲ ರೋಡ್:
ಶೇಡ್ ಹೊಂದಿಸಲು ಪೇಂಟ್‌ನವರಿಗೆ ರಬ್ಬರ್ ಕೆಳಗಿನ ಜಾಗವನ್ನೇ ತೋರಿಸಿ. ಬಿಸಿಲು ಕಾಣದ ಬಣ್ಣ ಅದು. ಟ್ಯೂಬ್‌ಲೈಟ್ ಕೆಳಗೆ ಬೇಡ, ಹೊರಗೆ ನೆರಳಲ್ಲಿ ನೋಡಿ.

ಆರ್‌ಸಿಯಲ್ಲಿ ಯಾವ ಬಣ್ಣ ಬರೆದಿದೆ ನೋಡಿ. ಮೆರೂನ್ ಅಂತಿದ್ದರೆ ಆರ್‌ಟಿಓದಲ್ಲಿ ತಿದ್ದಿಸಬೇಕು. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಇದೆ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಆದರೆ ಆ ನೋಂದಣಿ ಮಾಡಿಸಿದರೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ ಹೊರಗೆ ತೆಗೀಬಹುದು. ಅತ್ತೆಯನ್ನು ವಾರ ವಾರ ಸಂತೆಗೆ ಕರೆದುಕೊಂಡು ಹೋಗೋ ಯೋಚನೆ ಇದ್ದರೆ ಅವಸರ ಮಾಡಬೇಡಿ.